ಇಪ್ಪತ್ತಾರು ದಿನ ನೆನೆದ ನಾರು

ಖಾನಾಪುರ
೧೨ ಸೆಪ್ಟೆಂಬರ್ ೨೦೨೩

ಪ್ರೊಫೆಸರ್ ತ್ರ್ಯಂಬಕ ಅವರಿಗೆ,

ಮೊದಲು ಆ ಮೊಬೈಲ್ ಕೆಳಗಿಡಿ. ಒಂದು ಕಣ್ಣು ಅದರ ಮೇಲೆ, ಇನ್ನೊಂದು ಕಣ್ಣು ಇದರ ಮೇಲೆ ಇಟ್ಟು ಓದಲು ಇದು ಮದುವೆಯ ಕರೆಯೋಲೆ ಅಲ್ಲ. ಕುಳಿತು ಓದಿ. ಮುದುಕಿಯ ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಮೂಗು ಮುರಿಯಬೇಡಿ. ನಾಲ್ಕನೇ ಇಯತ್ತೆಗೆ ನನ್ನ ಸಾಲಿ ಮುಗಿಯಿತು, ಖರೆ. ಆದರೆ ಆ ನಾಲ್ಕು ವರ್ಷದಲ್ಲಿ ಒಂದು ದಿನವೂ ಇನ್ನೊಬ್ಬರ ಪಾಟಿಯ ಮೇಲೆ ನನ್ನ ಹೆಸರು ಬರೆದುಕೊಂಡವಳಲ್ಲ. ನೀವು ಎಷ್ಟು ಇಯತ್ತೆ ಕಲಿತಿರೋ ಗೊತ್ತಿಲ್ಲ, ಆ ಒಂದು ಪಾಠದ ದಿನ ಸಾಲಿ ತಪ್ಪಿಸಿದ್ದೀರಿ.

ನಾನು ಪದ್ಮವ್ವ. ನಿಮ್ಮ ಕೈಕೆಳಗೆ ಮೂರು ವರ್ಷ ನಾರು-ಅಂಟಿನ ಹಲಗೆಯ ಸಂಶೋಧನೆ ಮಾಡಿದ ಮಾಲಾ ನನ್ನ ಮಗ ಬಾಳೇಶನ ಮಗಳು. ಮರೆತಿದ್ದರೆ ನೆನಪಿಸುತ್ತೇನೆ. ಎರಡು ವರ್ಷದ ಹಿಂದೆ ದೀಪಾವಳಿ ಮುಗಿದ ವಾರ ನಿಮ್ಮ ಕಾರು ನಮ್ಮ ಬಾಗಿಲಿಗೆ ಬಂದಿತ್ತು. ಪುಂಡಿಪಲ್ಲೆಯ ಜೊತೆ ಎರಡು ರೊಟ್ಟಿ ತಿಂದು, ಮೂರನೆಯದನ್ನು ನೀವೇ ಕೇಳಿ ಹಾಕಿಸಿಕೊಂಡಿರಿ. ಆಮೇಲೆ ಹಿತ್ತಲಲ್ಲಿ ಒಣಹಾಕಿದ್ದ, ಅದೇ ಪುಂಡಿಯ ಕಡ್ಡಿಯಿಂದ ಸುಲಿದ ನಾರನ್ನು ಬೆರಳಿಗೆ ಸುತ್ತಿಕೊಂಡು ಹೇಳಿದಿರಿ:

"ಅಜ್ಜೀ, ಈ ನಾರು ಅಂಟು ಹಿಡಿಯವಲ್ದು. ಯಂತ್ರಕ್ಕ ಹಾಕಿ ಎಳದ್ರ ಅಂಟಿನೊಳಗಿಂದ ಜಾರಿ ಬರ್ತೈತಿ ನೋಡ್ರಿ."

"ಜಿಡ್ಡು ತೆಗೀದ ಅಂಟು ಹ್ಯಾಂಗ ಹಿಡದೀತ್ರೀ? ಬೂದಿನೀರಾಗ ಒಂದ್ ದಿನ ಇಟ್ಟು ತೊಳೀರಿ. ನಾವು ಹಗ್ಗಕ್ಕ ಬಣ್ಣ ಹಾಕೂ ಮುಂದ ಹಂಗಽ ಮಾಡ್ತೀವಿ" ಎಂದೆ ನಾನು.

ಮಾಲಾ ಬರೆದುಕೊಂಡಳು. ನೀವು ಆಕಳಿಸಿದಿರಿ.

ಆಮೇಲಿನದು ನನಗೆ ಮಾಲಾಳೇ ತಿಳಿಸಿ ಹೇಳಿದ್ದಾಳೆ. ಬರೀ ಗಾಜಿನ ನಾರಿನ ಹಲಗೆ ಗಟ್ಟಿ, ಆದರೆ ಮುರಿಯುವಾಗ ಸುಳಿವು ಕೊಡದೆ ಚೂರಾಗುತ್ತದೆ. ಬರೀ ಪುಂಡಿಯದು ಬಾಗುತ್ತದೆ, ಆದರೆ ಅಷ್ಟು ಭಾರ ತಾಳದು, ನೀರು ಬಿದ್ದರೆ ಉಬ್ಬುತ್ತದೆ. ಮೇಲೊಂದು ಕೆಳಗೊಂದು ಗಾಜಿನ ಪದರ, ನಡುವೆ ಬೂದಿನೀರು ಕಂಡ ಪುಂಡಿ ಇಟ್ಟು ಅಂಟು ಹಾಕಿ ಒತ್ತಿದರೆ ಭಾರವನ್ನೂ ತಾಳುತ್ತದೆ, ಮುರಿಯುವ ಮೊದಲು ಕಿರ್ ಎಂದು ಹೇಳಿಯೂ ಹೇಳುತ್ತದೆ. ಅದನ್ನು ಕಂಡುಹಿಡಿಯಲು ಅವಳು ಇನ್ನೂರು ಪಟ್ಟಿ ಮುರಿದಳು. ಅಂಟು ತಾಗಿ ಅವಳ ಅಂಗೈ ಚರ್ಮ ಸುಲಿದಿತ್ತು. ಆ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿದವಳು ನಾನು.

ಈಗ ಅದೆಲ್ಲ ಲೇಖನವಾಗಿ ಅಚ್ಚಾಗಿದೆ. ಮಾಲಾ ಮೊಬೈಲಿನಲ್ಲಿ ತೋರಿಸಿದಳು. ಮೊದಲು ನಿಮ್ಮ ಹೆಸರು, ಆಮೇಲೆ ನಿಮ್ಮ ತಂಗಿಯ ಮಗ ಹೃಷೀಕೇಶನ ಹೆಸರು. "ನಿಂದು ಎಲ್ಲೈತಬೇ? ತೆಳಗ ಸಣ್ಣ ಅಕ್ಷರದಾಗ ಐತೇನು?" ಎಂದು ಕೇಳಿದೆ. ಎಲ್ಲೂ ಇಲ್ಲ ಎಂದು ಅವಳು ಮೊಬೈಲನ್ನು ಬೋರಲು ಹಾಕಿದಳು. ತನ್ನ ಹೆಸರಿನ ಲೇಖನ ಒಂದಾದರೂ ಇಲ್ಲದಿದ್ದರೆ ಅವಳ ಪಿಎಚ್‌ಡಿ ಮುಂದೆ ಹೋಗುವುದಿಲ್ಲವಂತೆ. ನಿಮ್ಮ ಪ್ರಯೋಗಾಲಯದಿಂದ ಹೊರಬಿದ್ದು, ಪೀರನವಾಡಿಯ ಬಾಡಿಗೆ ಖೋಲಿಯಲ್ಲಿ ಕುಳಿತು ಈಗ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಾಳೆ.

ಇನ್ನೊಂದು ಸಾಲನ್ನೂ ಓದಿಸಿಕೊಂಡೆ: "ನಾರನ್ನು ಸ್ಥಳೀಯ ಮಾರಾಟಗಾರರಿಂದ ಪಡೆಯಲಾಯಿತು." ಯಾರ್ರೀ ಮಾರಾಟಗಾರರು? ನನ್ನ ಅಂಗಡಿಯ ಬೋರ್ಡನ್ನು ಎಲ್ಲಿ ನೋಡಿದಿರಿ? ಮೊಮ್ಮಗಳ ಓದಿಗೆ ಎಂದು ಕೊಟ್ಟೆ ನಾನು, ಮೂರು ವರ್ಷ, ತಲೆಯ ಮೇಲೆ ಹೊತ್ತು.

ಫೋನಿನಲ್ಲಿ ಬೈದರೆ ನೆಟ್‌ವರ್ಕ್ ಇಲ್ಲ ಎನ್ನುತ್ತೀರಿ. ಅದಕ್ಕೇ ಇದನ್ನು ರಿಜಿಸ್ಟರ್ ಮಾಡಿದ್ದೇನೆ. ನೀವು ಸಹಿ ಹಾಕಿದ ಚೀಟಿ ನನಗೆ ಬರುತ್ತದೆ. ಮಾಲಾಳ ಹೆಸರನ್ನು ಇರಬೇಕಾದ ಜಾಗದಲ್ಲಿ ಇಡಿ. ಅಷ್ಟೇ.

ಏನನ್ನೂ ಮಾರದ,
ಪದ್ಮವ್ವ


ಬೆಳಗಾವಿ
೩ ಅಕ್ಟೋಬರ್ ೨೦೨೩

ಮಾನ್ಯ ಪದ್ಮವ್ವ ಅವರಿಗೆ,

ತಮ್ಮ ಪತ್ರ ತಲುಪಿತು. ಹಿರಿಯರು ತಾವು, ಮಾತು ಸ್ವಲ್ಪ ಖಾರವಾಗಿದ್ದರೂ ಆಶೀರ್ವಾದವೆಂದೇ ಸ್ವೀಕರಿಸಿದ್ದೇನೆ.

ಲೇಖನದಲ್ಲಿ ಯಾರ ಹೆಸರು ಇರಬೇಕು ಎಂಬುದು ತಾಂತ್ರಿಕ ವಿಷಯ. ಹೊರಗಿನವರಿಗೆ ಅದು ಸುಲಭವಾಗಿ ಅರ್ಥವಾಗುವಂಥದ್ದಲ್ಲ. ಮಾಲಾ ಶ್ರಮಪಟ್ಟಿದ್ದಾಳೆ, ಇಲ್ಲವೆನ್ನುವುದಿಲ್ಲ. ಆದರೆ ಯಂತ್ರದ ಅಂಕಿಗಳನ್ನು ವಿಶ್ಲೇಷಿಸಿದವನು ಚಿರಂಜೀವಿ ಹೃಷೀಕೇಶ. ಮುಂದಿನ ಲೇಖನದಲ್ಲಿ ಆಕೆಯನ್ನು ಪರಿಗಣಿಸೋಣ.

ಈ ಸಂದರ್ಭದಲ್ಲಿ ಒಂದು ವಿನಂತಿ. ಬಸ್ಸಿನ ಸೀಟುಗಳನ್ನು ತಯಾರಿಸುವ ಕಂಪನಿಯವರು ಜನವರಿಯಲ್ಲಿ ನಮ್ಮ ಪ್ರಯೋಗಾಲಯಕ್ಕೆ ಬರುತ್ತಿದ್ದಾರೆ. ಅವರೆದುರು ಹಲಗೆಯನ್ನು ಪರೀಕ್ಷಿಸಿ ತೋರಿಸಬೇಕು. ಇದಕ್ಕಾಗಿ ಹತ್ತು ಕಿಲೋ ಪುಂಡಿ ನಾರು ಬೇಕು. ಆದರೆ ತಮ್ಮ ಹಿಂದಿನ ನಾರು ಹಳದಿ ಬಣ್ಣದ್ದು, ಒರಟು. ನೋಡಲು ಗೋಣಿಚೀಲದ ಹಾಗೆ ಕಾಣುತ್ತದೆ. ಬರುವವರು ದೊಡ್ಡ ಜನ, ಮೊದಲು ಕಣ್ಣಿಗೆ ಹಿಡಿಸಬೇಕು. ಆದ್ದರಿಂದ ಈ ಬಾರಿ ನಾರು ಬಿಳಿಯಾಗಿ, ರೇಷ್ಮೆಯ ಹಾಗೆ ಮೃದುವಾಗಿ ಇರಲಿ. ಹಳದಿ ನಾರನ್ನು ದಯವಿಟ್ಟು ಕಳುಹಿಸಬೇಡಿ.

ಇತಿ ತಮ್ಮ ವಿಶ್ವಾಸಿ,
ತ್ರ್ಯಂಬಕ


ಖಾನಾಪುರ
೧೫ ಅಕ್ಟೋಬರ್ ೨೦೨೩

ಪ್ರೊಫೆಸರ್ ಸಾಹೇಬರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎಷ್ಟು ಚಂದ ಬರೆಯುತ್ತೀರಿ! ಹೊರಗಿನವಳಾದ ನನಗೂ ಅರ್ಥವಾಯಿತು.

ಬಿಳಿಯಾಗಿ ಇರಬೇಕು, ರೇಷ್ಮೆಯ ಹಾಗೆ ಇರಬೇಕು, ಹಳದಿ ಬೇಡ. ಆಯಿತು. ನೀವು ಬೇಡಿದ್ದನ್ನೇ ಕೊಡುತ್ತೇನೆ, ಒಂದೆಳೆಯೂ ಆಚೀಚೆ ಆಗುವುದಿಲ್ಲ. ಪುಂಡಿ ಈಗ ಹೂವಿಗೆ ಬಂದಿದೆ. ಕೊಯ್ದು ಹಳ್ಳಕ್ಕೆ ಹಾಕಿ, ಸುಲಿದು, ತೊಳೆದು, ಡಿಸೆಂಬರಿನಲ್ಲಿ ಬಾಳೇಶನ ಕೈಯಲ್ಲಿ ಕಳಿಸುತ್ತೇನೆ.

ನಿಮ್ಮ ಪತ್ರವನ್ನು ನನ್ನ ಎಲೆ-ಅಡಕೆಯ ಚಂಚಿಯಲ್ಲಿ ಇಟ್ಟುಕೊಂಡಿದ್ದೇನೆ. ಕಳೆಯುವುದಿಲ್ಲ.

ಪದ್ಮವ್ವ


ಖಾನಾಪುರ
೨೮ ನವೆಂಬರ್ ೨೦೨೩

ಮಾಲಾ,

ಉಣ್ಣುತ್ತಿದ್ದೀಯೋ ಇಲ್ಲವೋ? ಹೋದ ಸಲ ಬಂದಾಗ ನಿನ್ನ ಕುಪ್ಪಸದ ಕೈ ಸಡಿಲವಾಗಿತ್ತು. ಯಾರೋ ಹೆಸರು ಕದ್ದರೆಂದು ಹೊಟ್ಟೆ ಯಾಕೆ ಒಣಗಿಸಿಕೊಳ್ಳುತ್ತೀ? ಒಣಗಬೇಕಾದ ಹೊಟ್ಟೆ ಬೇರೆ ಇದೆ. ಕೇಳು, ನಗು ಬರುವ ಸುದ್ದಿ ಹೇಳುತ್ತೇನೆ.

ನಿನ್ನ ಸರ್‌ಗೆ ಬಿಳಿ ನಾರು ಬೇಕಂತೆ, ರೇಷ್ಮೆಯಂಥದ್ದು. ನಿನಗೆ ಗೊತ್ತಲ್ಲ, ಪುಂಡಿ ಯಾವಾಗ ಬೆಳ್ಳಗಾಗುತ್ತದೆ ಎಂದು. ಹದಿನಾಲ್ಕು ದಿನಕ್ಕೆ ಎತ್ತಿದರೆ ಹೊನ್ನಿನ ಬಣ್ಣ, ಎತ್ತು ಜಗ್ಗಿದರೂ ಹರಿಯದು. ಹರಿಯುವ ತಿಳಿನೀರಿನಲ್ಲಿ ಇನ್ನೂ ಹತ್ತು ದಿನ ಬಿಟ್ಟರೆ ಒಳಗಿನ ಕಸುವೆಲ್ಲ ಕೊಳೆತು ಹೋಗಿ ನಾರು ಬಿಳಿ ಬಿಳಿಯಾಗಿ ಕೂಸಿನ ಕೂದಲಿನ ಹಾಗೆ ಆಗುತ್ತದೆ. ನೋಡುವುದಕ್ಕೆ ಬೆಡಗು, ಎಳೆದರೆ ಪುಸಕ್.

ಈ ವರ್ಷ ಕಟ್ಟುಗಳನ್ನು ಹಳ್ಳದಲ್ಲಿ ಇಪ್ಪತ್ತಾರು ದಿನ ಇಟ್ಟೆ. ಬಾಜೂ ಹೊಲದ ಭರಮಣ್ಣ ದಂಡೆಯ ಮೇಲೆ ನಿಂತು ಕೂಗಿದ:

"ಯಕ್ಕಾ, ಹದಿನೈದ ದಿನ ದಾಟ್ತು, ಕಟ್ಟ ಎತ್ತಂಗಿಲ್ಲೇನ? ಕೊಳತ ಹೊಕ್ಕಾವು!"

"ಕೊಳೀಲಿ ಬಿಡೋ. ಬೆಳಗಾವಿ ಸಾಹೇಬ್ರಿಗಿ ಕೊಳತದ್ದಽ ಬೇಕಂತ."

"ಏನ ಕೆಟ್ಟ ಕಾಲ ಬಂತಬೇ ಯಕ್ಕಾ" ಎಂದು ತಲೆ ಕೆರೆದುಕೊಂಡು ಹೋದ.

ಬೂದಿನೀರನ್ನೂ ತೋರಿಸಲಿಲ್ಲ. ಅವರು ಕೇಳಲಿಲ್ಲ, ನಾನು ಹಾಕಲಿಲ್ಲ. ಎರಡು ದಿನ ಬಿಸಿಲಿಗೆ ಹಾಸಿದ ಮೇಲೆ ಮಲ್ಲಿಗೆಯಂತೆ ಹೊಳೆಯಿತು. ಜನವರಿಯಲ್ಲಿ ದೊಡ್ಡ ಜನರೆದುರು ಆ ಹಲಗೆ ಮುರಿಯುತ್ತದೆ, ಆಗ ನಿನ್ನ ಸರ್ ಮುಖ ಹೇಗಾಗುತ್ತದೆ ಎಂದು ನೆನೆಸಿಕೊಂಡೇ ಒಂದು ರೊಟ್ಟಿ ಜಾಸ್ತಿ ತಿನ್ನುತ್ತಿದ್ದೇನೆ. ನೀನಿದ್ದಿದ್ದರೆ ನಾರು ಮುಟ್ಟಿದ ಕೂಡಲೇ ಹೇಳುತ್ತಿದ್ದೆ. ನಿನ್ನನ್ನು ಹೊರಗೆ ಹಾಕಿದರಲ್ಲ, ಅನುಭವಿಸಲಿ.

ನಿನ್ನ ಆಯಿ


ಪೀರನವಾಡಿ, ಬೆಳಗಾವಿ
೮ ಜನವರಿ ೨೦೨೪

ಆಯಿ,

ನಿನ್ನ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ನಗು ಬರಲಿಲ್ಲ, ಅದಕ್ಕೆ. ಮುದುಕಿಯ ಸಿಟ್ಟು, ನಾಲ್ಕು ದಿನಕ್ಕೆ ಇಳಿಯುತ್ತದೆ, ನಾರು ಕಳಿಸುವುದಿಲ್ಲ ಎಂದುಕೊಂಡಿದ್ದೆ.

ಹೋದ ವಾರ ಸರ್ ಫೋನ್ ಮಾಡಿದರು. ಹೃಷೀಕೇಶ ಹಾಕಿದ ಹಲಗೆಗಳಲ್ಲೆಲ್ಲ ಗಾಳಿಗುಳ್ಳೆ ಬರುತ್ತಿವೆಯಂತೆ. "ಮಾಲಾ, ನಿನ್ನ ಕೈ ಬೇಕು. ಕಂಪನಿಯವರ ಎದುರು ಎಲ್ಲ ಸರಿಹೋದರೆ ಲೇಖನಕ್ಕೆ ತಿದ್ದುಪಡಿ ಬರೆದು ನಿನ್ನ ಹೆಸರು ಸೇರಿಸುತ್ತೇನೆ" ಎಂದರು. ಒಪ್ಪಿಕೊಂಡೆ. ಒಪ್ಪದೆ ಏನು ಮಾಡಲಿ? ಮೂರು ವರ್ಷ ಆಯಿ, ಮೂರು ವರ್ಷ.

ನಿನ್ನೆ ಪ್ರಯೋಗಾಲಯದಲ್ಲಿ ಗಂಟು ಬಿಚ್ಚಿದೆ. ಮೂಗಿಗೆ ಹಿಡಿದ ಕೂಡಲೇ ಗೊತ್ತಾಯಿತು. ಒಂದೆಳೆ ಜಗ್ಗಿದೆ, ಶಬ್ದವೂ ಇಲ್ಲದೆ ಹರಿಯಿತು. ಸರ್ ಹಿಂದೆಯೇ ನಿಂತು "ವಾ! ಈಗ ನೋಡು, ಎಷ್ಟ್ ಛಂದ ಬಂದದ" ಎನ್ನುತ್ತಿದ್ದರು. ಶಹಾಪುರದ ಸೋಮಲಿಂಗ ಮಾಮಾನ ಮಗ್ಗಕ್ಕೆ ನೇಯಲು ಒಯ್ದರೆ, "ತಂಗೀ, ಇದು ಮಗ್ಗದ ಮ್ಯಾಲಽ ಸತ್ತ ಹೊಕ್ಕೈತಿ" ಎಂದು ತಿರುಗಿ ಕೊಟ್ಟ. ಇನ್ನು ಎಳೆಗಳನ್ನು ನೇಯದೆ ಹಾಗೇ ಹಾಸಬೇಕು.

ನಿನಗೆ ಒಂದು ಅರ್ಥವಾಗಿಲ್ಲ. ಈ ಸಲ ನಡುವೆ ನಾಲ್ಕು ಪದರ ಪುಂಡಿ, ಗಾಜಿನದು ಎರಡೇ. ಪುಂಡಿ ಸೋತರೆ ಹಲಗೆಯೇ ಸೋಲುತ್ತದೆ. ಮುರಿದಾಗ ಸರ್ ಏನು ಹೇಳುತ್ತಾರೆ? ಹಲಗೆ ಹಾಕಿದವಳು ಮಾಲಾ, ಅವಳ ಕೈ ಸರಿಯಿಲ್ಲ ಎನ್ನುತ್ತಾರೆ. ನಾರು ಕೊಳೆತಿದೆ ಎಂದು ನಾನು ಹೇಳಿದರೆ, ನಿನ್ನ ಅಜ್ಜಿಯೇ ಬೇಕೆಂದು ಮೋಸ ಮಾಡಿದಳು ಎನ್ನುತ್ತಾರೆ. ಅದು ಸುಳ್ಳೂ ಅಲ್ಲ.

ಪರೀಕ್ಷೆ ಜನವರಿ ೨೯ಕ್ಕೆ. ನೀನು ಅವರಿಗೆ ತೋಡಿದ ಗುಂಡಿಯಲ್ಲಿ ನಿಂತಿರುವವಳು ನಾನು.

ಮಾಲಾ


ಖಾನಾಪುರ
೧೧ ಜನವರಿ ೨೦೨೪

ಮಾಲಾ,

ನಿನ್ನ ಪತ್ರ ಓದಿ, ಬಾವಿಕಟ್ಟೆಯ ಮೇಲೆ ಕುಳಿತು ಮತ್ತೊಮ್ಮೆ ಓದಿದೆ. ನಿಮ್ಮವ್ವ ಬಂದು ಚಹಾ ಆರಿತು ಎಂದಳು. ಕ್ಷಮೆ ಗಿಮೆ ಎಂದು ಬರೆಯಲು ನನಗೆ ಬರುವುದಿಲ್ಲ. ಆ ಪಾಠ ಐದನೇ ಇಯತ್ತೆಯಲ್ಲಿತ್ತೋ ಏನೋ.

ಈ ಪತ್ರ ತರುವ ನಿಮ್ಮಪ್ಪನ ಹೆಗಲ ಮೇಲೆ ಒಂದು ಕಟ್ಟು ಇದೆ. ಇದರ ಹಿಂದಿನ ಬೆಳೆಯ ನಾರು. ಹದಿನಾಲ್ಕು ದಿನಕ್ಕೆ ಎತ್ತಿದ್ದು, ಬೂದಿನೀರು ಕಂಡದ್ದು. ಎಲ್ಲಿತ್ತು ಎಂದು ಕೇಳಬೇಡ. ಕೇಳುತ್ತೀ, ಗೊತ್ತು. ನನ್ನ ಚಟ್ಟ ಕಟ್ಟಲು ಎತ್ತಿಟ್ಟಿದ್ದೆ. ಪ್ಲಾಸ್ಟಿಕ್ ಹಗ್ಗದಲ್ಲಿ ಕಟ್ಟಿಸಿಕೊಂಡು ಹೋಗುವವಳಲ್ಲ ನಾನು ಎಂದು ಎಲ್ಲರಿಗೂ ಹೇಳಿಟ್ಟಿದ್ದೇನಲ್ಲ, ಅದೇ.

ಎರಡು ಹಲಗೆ ಹಾಕು. ಒಂದು ಅವರು ಬೇಡಿದ ಬಿಳಿಯದು, ಇನ್ನೊಂದು ಇದು. ಅದೇ ಅಂಟು, ಅದೇ ಗಾಜು, ಅದೇ ಒತ್ತು, ಅದೇ ನಿನ್ನ ಕೈ. ಏನನ್ನೂ ಮುಚ್ಚಿಡಬೇಡ. ಯಾವುದು ಎಷ್ಟು ದಿನ ನೆನೆದದ್ದು ಎಂದು ಹಿಂದೆ ಬರೆ. ಬಿಳಿಯದು ಮುರಿಯುತ್ತದೆ ಎಂದು ಸರ್‌ಗೆ ಮೊದಲೇ ಹೇಳು, ಎಲ್ಲರ ಎದುರು ಹೇಳು. ಕೇಳಿದರೆ ಅವರ ಪುಣ್ಯ. ಕೇಳುವವರಲ್ಲ.

೨೯ಕ್ಕೆ ನಾನೂ ಬರುತ್ತೇನೆ. ಬೇಡ ಎನ್ನಬೇಡ.

ಆಯಿ


ಖಾನಾಪುರ
೨ ಫೆಬ್ರವರಿ ೨೦೨೪

ಪ್ರೊಫೆಸರ್ ತ್ರ್ಯಂಬಕ ಅವರಿಗೆ,

ಮೊನ್ನೆ ನಡೆದದ್ದನ್ನು ನೀವು ಮರೆಯಲು ನೋಡುತ್ತಿರಬಹುದು. ಬರೆದು ಕಳಿಸುತ್ತಿದ್ದೇನೆ, ಮರೆತಾಗಲೆಲ್ಲ ತೆಗೆದು ಓದಿಕೊಳ್ಳಿ.

ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಇಳಕಲ್ ಸೀರೆ ಉಟ್ಟು ಕುಳಿತಿದ್ದ ಮುದುಕಿಯನ್ನು ನೀವು ಗುರುತಿಸಲಿಲ್ಲ. ಮೂರು ರೊಟ್ಟಿ ಬಡಿಸಿದ ಕೈಯನ್ನೂ ಗುರುತಿಸಲಿಲ್ಲ. ಇರಲಿ. ಕಂಪನಿಯಿಂದ ಬಂದ ಪ್ರಮಿಳಾ ಮೇಡಂ ಎರಡೂ ಹಲಗೆಗಳನ್ನು ತಿರುಗಿಸಿ ನೋಡಿದರು. ಮಾಲಾ ಎದ್ದು ನಿಂತು ಹೇಳಿದಳು:

"ಸರ್, ಬಿಳೀದು ಹೆಚ್ಚ ನೆನದೈತ್ರಿ. ಭಾರ ತಾಳಂಗಿಲ್ಲ. ಹಳದೀದು ಮೊದಲ ಹಾಕೂಣ್ರಿ."

"ನೀ ಸುಮ್ಮನಿರವಾ. ಮೊದಲ ಬಿಳೀದಽ ಹಾಕ್ರಿ" ಎಂದಿರಿ. ನಿಮ್ಮ ಬಾಯಿಂದಲೇ ಬಂತು.

ಯಂತ್ರದ ಕಬ್ಬಿಣದ ಮೂಗು ಹಲಗೆಯ ನಡು ಬೆನ್ನನ್ನು ಒತ್ತತೊಡಗಿತು. ಪರದೆಯ ಮೇಲೆ ಅಂಕಿ ಏರಿತು. ಅರವತ್ತು ಕಿಲೋ ದಾಟಿತೋ ಇಲ್ಲವೋ, ಟಪ್. ಗಾಜಿನ ಪದರ ಒಂದು ಕಡೆ, ಪುಂಡಿ ಒಂದು ಕಡೆ, ಹಳೆಯ ಚಪ್ಪಲಿಯ ಅಟ್ಟೆ ಬಿಚ್ಚಿದ ಹಾಗೆ. ಆ ಟಪ್ ಇನ್ನೂ ನನ್ನ ಕಿವಿಯಲ್ಲಿದೆ, ಪ್ರೊಫೆಸರ್ ಸಾಹೇಬರೇ. ಯಾವ ಭಜನೆಯೂ ನನಗೆ ಅಷ್ಟು ಇಂಪಾಗಿ ಕೇಳಿಲ್ಲ.

ಆಮೇಲೆ ಹಳದಿಯದು. ನೂರು ದಾಟಿತು, ನೂರ ಇಪ್ಪತ್ತು ದಾಟಿತು. ನೂರ ನಲವತ್ತಕ್ಕೆ ಕಿರ್ ಎಂದಿತು, ಬಾಗಿತು, ಬಿಡಲಿಲ್ಲ. ಮೇಡಂ ಕೇಳಿದರು:

"ಒಂದಽ ಅಂಟು, ಒಂದಽ ಗಾಜು. ಇಷ್ಟ್ಯಾಕ ಫರಕು ಸರ್?"

ನೀವು ಬೆವರು ಒರೆಸಿಕೊಂಡು ನಕ್ಕಿರಿ. "ನಾರು ಕೊಟ್ಟವರ ತಪ್ಪು ಮೇಡಂ. ಹಳ್ಳಿ ಮಂದಿ. ಕ್ವಾಲಿಟಿ ಅಂದ್ರ ಏನು ಅಂತ ತಿಳಿಯಂಗಿಲ್ಲ ಅವರಿಗಿ."

ಆ ಮಾತಿಗೇ ನಾನು ನಾಲ್ಕು ತಿಂಗಳು ಕಾದಿದ್ದೆ. ಎದ್ದು ನಿಂತೆ. "ಕೊಟ್ಟಾಕಿ ನಾನಽ ಅದೀನ್ರಿ" ಎಂದು ಚಂಚಿಯಿಂದ ನಿಮ್ಮ ಪತ್ರ ತೆಗೆದು ಮೇಡಂ ಕೈಗೆ ಕೊಟ್ಟೆ. ಸುಣ್ಣ ತಾಗಿತ್ತು, ಆದರೂ ಅಕ್ಷರ ಕಾಣುತ್ತಿತ್ತು. ಅವರು ಗಟ್ಟಿಯಾಗಿ ಓದಿದರು. ಬಿಳಿಯಾಗಿ, ರೇಷ್ಮೆಯ ಹಾಗೆ ಮೃದುವಾಗಿ. ಹಳದಿ ನಾರನ್ನು ದಯವಿಟ್ಟು ಕಳುಹಿಸಬೇಡಿ. ಕೆಳಗೆ ನಿಮ್ಮ ಸಹಿ.

"ಎಷ್ಟ ದಿನ ನೆನಸಬೇಕು ಸರ್ ಇದನ್ನ?" ಎಂದು ಅವರು ಕೇಳಿದಾಗ ನೀವು ಹೃಷೀಕೇಶನ ಮುಖ ನೋಡಿದಿರಿ. ಹೃಷೀಕೇಶ ಫ್ಯಾನ್ ನೋಡಿದ. ಮಾಲಾ ಹೇಳಿದಳು:

"ಹದಿನಾಲ್ಕ ದಿನಾರೀ. ಥಂಡಿ ಹೆಚ್ಚಿದ್ರ ಹದಿನಾರ. ಕಡ್ಡಿ ಮುರದ್ರ ಸಿಪ್ಪಿ ತಾನಽ ಬಿಡಬೇಕು."

ಹೌದು, ನಾನು ಬೇಕೆಂದೇ ಹೆಚ್ಚು ನೆನೆಸಿದೆ. ಅದನ್ನೂ ಮೇಡಂ ಎದುರು ಅಲ್ಲೇ ಒಪ್ಪಿಕೊಂಡೆ, ಯಾಕೆ ಎಂಬುದನ್ನೂ ಹೇಳಿದೆ. ನೀವೊಬ್ಬರೇ ಏನನ್ನೂ ಒಪ್ಪಿಕೊಳ್ಳಲಿಲ್ಲ.

ಈಗ ಆಗಬೇಕಾದದ್ದು ಇದು. ಲೇಖನಕ್ಕೆ ತಿದ್ದುಪಡಿ ಬರೆಯಿರಿ, ಮಾಲಾಳ ಹೆಸರು ಮೊದಲು ಬರಲಿ. ಮಾರಾಟಗಾರರು ಎಂಬಲ್ಲಿ ನನ್ನ ಹೆಸರು ಬರಲಿ. ಬೂದಿನೀರು ಯಾರು ಹೇಳಿದ್ದು ಎಂಬುದೂ ಬರಲಿ. ಇಲ್ಲದಿದ್ದರೆ ನಿಮ್ಮ ಪತ್ರದ ನಕಲುಗಳು ನಿಮ್ಮ ಪ್ರಾಂಶುಪಾಲರಿಗೂ ಆ ಲೇಖನ ಅಚ್ಚು ಹಾಕಿದವರಿಗೂ ಹೋಗುತ್ತವೆ. ಇಪ್ಪತ್ತು ಝೆರಾಕ್ಸ್ ಮಾಡಿಸಿಟ್ಟಿದ್ದೇನೆ. ಪ್ರಮಿಳಾ ಮೇಡಂ ನಾರು ಕೇಳಿದ್ದಾರೆ. ಮಾಲಾಳ ಹೆಸರಿಲ್ಲದ ಕಡೆ ನನ್ನ ನಾರು ಹೋಗುವುದಿಲ್ಲ ಎಂದು ಅವರಿಗೂ ಹೇಳಿದ್ದೇನೆ. ಬೀಜ ನನ್ನ ಗಡಿಗೆಯಲ್ಲಿದೆ.

ಕ್ವಾಲಿಟಿ ತಿಳಿಯದ ಹಳ್ಳಿಯವಳು,
ಪದ್ಮವ್ವ


ಖಾನಾಪುರ
೧೬ ಮೇ ೨೦೨೪

ಮಾಲಾ,

ಮೂರೂವರೆ ತಿಂಗಳಾಯಿತು. ಫೋನಿನಲ್ಲಿ ಅಪ್ಪನೊಂದಿಗೆ ಮಾತಾಡುತ್ತೀ, ಅವ್ವನೊಂದಿಗೆ ಮಾತಾಡುತ್ತೀ, ಎಮ್ಮೆ ಈಯಿತೇ ಎಂದು ಕೂಡ ಕೇಳುತ್ತೀ. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿರುತ್ತೇನೆ ಎಂದು ಗೊತ್ತಿದ್ದೇ ಕೇಳುತ್ತೀ. ಎಮ್ಮೆಗಿಂತ ಕಡೆಯಾದೆನಲ್ಲ ನಾನು!

ಪರೀಕ್ಷೆಯ ದಿನ ನಾನು ಕುಣಿಯುತ್ತ ರೈಲು ಹತ್ತುವವಳಿದ್ದೆ. ನೀನು ಪ್ಲಾಟ್‌ಫಾರ್ಮಿನ ಮೇಲೆ ನಿಂತು ಒಂದೇ ಮಾತು ಅಂದೆ. "ಆಯಿ, ಅವರೂ ನನ್ನ ಕೇಳಲಿಲ್ಲ, ನೀನೂ ಕೇಳಲಿಲ್ಲ." ತಿರುಗಿ ಹೊರಟೇಬಿಟ್ಟೆ. ದೇಸೂರ ಸ್ಟೇಶನ್ ಬರುವವರೆಗೆ ನಿನ್ನನ್ನು ಮನಸ್ಸಿನಲ್ಲೇ ಬೈದೆ. ದೇಸೂರ ದಾಟಿದ ಮೇಲೆ ಬೈಗಳು ಮುಗಿದವು. ನನ್ನ ಬೈಗಳು ಮುಗಿಯುವುದೆಂದರೆ ಏನು ಎಂದು ನಿನಗೆ ಗೊತ್ತು.

ನಿನ್ನೆ ಬಾಳೇಶ ಮೊಬೈಲಿನಲ್ಲಿ ತೋರಿಸಿದ. ತಿದ್ದುಪಡಿ ಅಚ್ಚಾಗಿದೆ. ನಿನ್ನ ಹೆಸರು ಮೊದಲು. ನಿಮ್ಮ ಸರ್‌ದು ಎರಡನೆಯದು. ಆ ಫ್ಯಾನ್ ನೋಡಿದವನದು ಕೊನೆಗೆ ಇನ್ನೂ ಉಳಿದಿದೆ. ಇರಲಿ, ಗಾಳಿಗುಳ್ಳೆ ಹೇಗೆ ಮಾಡಬೇಕೆಂದು ಕಂಡುಹಿಡಿದಿದ್ದಾನಲ್ಲ. ಮಾರಾಟಗಾರರು ಇದ್ದಲ್ಲಿ ನನ್ನ ಹೆಸರಿದೆ ಎಂದು ಬಾಳೇಶ ಬೆರಳಿಟ್ಟು ತೋರಿಸಿದ. ಇಂಗ್ಲಿಷಿನಲ್ಲಿ ನನ್ನ ಹೆಸರು ಅಷ್ಟುದ್ದ ಇದೆ ಎಂದು ಗೊತ್ತಿರಲಿಲ್ಲ. ನೀನು ಓದಿ ಹೇಳುವವರೆಗೆ ನಾನು ನಂಬುವುದಿಲ್ಲ.

ಆ ಮನುಷ್ಯನ ಮೇಲಿನ ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಇಲ್ಲ. ಇನ್ನೊಮ್ಮೆ ಬಿಳಿ ನಾರು ಕೇಳಿದರೆ ಮೂವತ್ತು ದಿನ ನೆನೆಸಿ ಕೊಡುತ್ತೇನೆ. ಆದರೆ ಅವನನ್ನು ಹೊಡೆಯಲು ನಿನ್ನ ಕೈಯನ್ನು ಕೋಲು ಮಾಡಿಕೊಂಡೆ ನಾನು. ಎಣ್ಣೆ ಹಚ್ಚಿದ ಕೈ ಅದು.

ಮಿರಗ ಮಳೆ ಹತ್ತಿರ ಬಂತು. ಎಲ್ಲರೂ ಹೊಲ ಹರಗುತ್ತಿದ್ದಾರೆ. ಬೀಜದ ಗಡಿಗೆಯ ಬಾಯಿ ನಾನಿನ್ನೂ ಬಿಚ್ಚಿಲ್ಲ. ಈ ವರ್ಷ ಪುಂಡಿ ಬಿತ್ತಲೋ ಬೇಡವೋ? ಬಿತ್ತಿದರೆ ಎಷ್ಟು ಬಿತ್ತಲಿ? ಎಷ್ಟು ದಿನ ನೆನೆಸಲಿ? ಯಾರಿಗೆ ಕೊಡಲಿ? ಎಪ್ಪತ್ತೆರಡು ವರ್ಷದಲ್ಲಿ ನಾರಿನ ವಿಷಯವಾಗಿ ಒಬ್ಬರನ್ನೂ ಕೇಳಿದವಳಲ್ಲ ನಾನು. ನಿನ್ನನ್ನು ಕೇಳುತ್ತಿದ್ದೇನೆ. ಕೇಳಿಸಿತೇ?

ಎತ್ತಿಟ್ಟಿದ್ದ ನಾರೆಲ್ಲ ನಿನ್ನ ಹಲಗೆಗೆ ಹೋಯಿತು. ನನ್ನ ಚಟ್ಟಕ್ಕೆ ಒಂದೆಳೆಯೂ ಇಲ್ಲ. ಹೊಸ ಬೆಳೆ ಬಾರದೆ ಸಾಯುವ ಹಾಗಿಲ್ಲ, ನೀನು ಹೇಳದೆ ಬಿತ್ತುವ ಹಾಗಿಲ್ಲ. ನಡುವೆ ಕುಳಿತಿದ್ದೇನೆ. ಮುದುಕಿಯನ್ನು ಹೀಗೆ ಕೂರಿಸಬಾರದು, ನಾಚಿಕೆಯಾಗಬೇಕು ನಿನಗೆ. ಫೋನ್ ಬೇಡ. ಪೆನ್ನು ಹಿಡಿ, ಬರುವ ತಿಂಗಳು ಹುಟ್ಟುವ ಮೊದಲು ನನ್ನ ಕೈಗೆ ಉತ್ತರ ಬರಲಿ.

ನಿನ್ನ ಆಯಿ,
ಪದ್ಮವ್ವ